ತಜ್ಞರ ರಿಪೋರ್ಟನ್ನು ಓದುವುದು ಹೇಗೆ: ಆಸ್ಪತ್ರೆ ಸಾವಿನ ಕೇಸಿನಲ್ಲಿ ಸಿಲುಕಿದವರಿಗೆ

ನಾನು ಮೊದಲು ನರ್ಸ್, ಆಮೇಲೆ ವಕೀಲೆ. ಊರು ಕಾರ್ಕಳದ ಹತ್ತಿರ, ಮನೆ ಡೊಂಬಿವಲಿ. ಹಗಲು ವಾರ್ಡಿನಲ್ಲಿ ದುಡಿದು ಸಂಜೆ ಲಾ ಕಾಲೇಜಿಗೆ ಹೋದವಳು. ಈಗ ಕಲ್ಯಾಣ, ಠಾಣೆ ಕೋರ್ಟುಗಳಲ್ಲಿ ಕೆಲಸ, ಆಗಾಗ ಮುಂಬಯಿಯ ಸೆಷನ್ಸ್ ಕೋರ್ಟು. ನಮ್ಮ ಕಡೆಯ ಹೆಣ್ಣುಮಕ್ಕಳು ಇಲ್ಲಿನ ಆಸ್ಪತ್ರೆಗಳಲ್ಲಿ ಬಹಳ ಜನ ಇದ್ದಾರೆ. ರೋಗಿ ತೀರಿಕೊಂಡು ಪೊಲೀಸ್ ಸ್ಟೇಷನ್ನಿನಿಂದ ನೋಟಿಸ್ ಬಂದಾಗ ಅವರ ಮನೆಯವರು ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಡಾಕ್ಟರರ ಕಮಿಟಿ ರಿಪೋರ್ಟ್ ನಮ್ಮ ವಿರುದ್ಧವೇ ಬಂದಿದೆಯಂತೆ. ಇನ್ನೇನು ಉಳಿಯಿತು?"

ಬಹಳ ಉಳಿದಿದೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಇರುವುದು ಒಬ್ಬರ ಅಭಿಪ್ರಾಯ. ಅದರ ಕೆಳಗೆ ಏನಾದರೂ ಇರಲೇಬೇಕು: ಒಂದು ಅಳತೆ, ಒಂದು ಸ್ಯಾಂಪಲ್, ಒಂದು ರಜಿಸ್ಟರ್, ಒಂದು ಲೆಕ್ಕ. ಅದನ್ನು ಕೇಳಿ ತರಿಸಿಕೊಂಡು ಓದುವುದು ಹೇಗೆ ಎಂದು ಇಲ್ಲಿ ಬರೆಯುತ್ತೇನೆ. ನರ್ಸ್, ಡಾಕ್ಟರ್, ವಾರ್ಡ್ ಬಾಯ್ ಯಾರೇ ಆಗಲಿ, ಆರೋಪ ಬಂದವರಿಗೆ ಇದು ಬೇಕು. ಸತ್ತವರ ಕಡೆಯವರಿಗೂ ಬೇಕು. ತಪ್ಪು ರಿಪೋರ್ಟು ಎರಡೂ ಕಡೆಯವರನ್ನು ಕೆಡಿಸುತ್ತದೆ.

ಮೊದಲ ಕೆಲವು ದಿನ

ಸಾವಾದ ದಿನವೇ ಆಸ್ಪತ್ರೆಯಲ್ಲಿ ಒತ್ತಡ ಶುರುವಾಗುತ್ತದೆ. "ಸಿಸ್ಟರ್, ಟ್ರೀಟ್‌ಮೆಂಟ್ ಶೀಟ್ ಸ್ವಲ್ಪ ಪೂರ್ತಿ ಮಾಡಿಬಿಡಿ" ಎಂದು ಯಾರೋ ಹೇಳುತ್ತಾರೆ. ಮಾಡಬೇಡಿ. ನಿಜವಾಗಿ ಬರೆಯುವುದು ಬಾಕಿ ಇದ್ದರೆ ಈಗಿನ ತಾರೀಖು, ಈಗಿನ ಗಂಟೆ ಹಾಕಿ, ತಡವಾಗಿ ಬರೆದದ್ದು ಎಂದು ನಮೂದಿಸಿ ಸಹಿ ಮಾಡಿ. ಹಿಂದಿನ ಗಂಟೆ ಹಾಕಿ ತುಂಬಿದ ಒಂದು ಕಾಲಂ ಸಾಕು, ಕೋರ್ಟು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಅದೇ ದಿನ ಮನೆಗೆ ಬಂದು ನಿಮಗೆ ನೆನಪಿದ್ದದ್ದನ್ನೆಲ್ಲ ಗಂಟೆ ಸಮೇತ ಕನ್ನಡದಲ್ಲೇ ಬರೆದಿಡಿ. ಯಾರಿಂದ ಹ್ಯಾಂಡೋವರ್ ತೆಗೆದುಕೊಂಡಿರಿ, ಆರ್‌ಎಂಓಗೆ (ಡ್ಯೂಟಿಯಲ್ಲಿದ್ದ ಡಾಕ್ಟರಿಗೆ) ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಅವರು ಎಷ್ಟು ಹೊತ್ತಿಗೆ ಬಂದರು, ಆ ರಾತ್ರಿ ನಿಮ್ಮ ಕೈಯಲ್ಲಿ ಎಷ್ಟು ರೋಗಿಗಳಿದ್ದರು. ಇದು ವಕೀಲರಿಗಾಗಿ ಮಾತ್ರ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ.

ವಾಟ್ಸಾಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೋಗಿ ಹೋದಾಗ ಪ್ರತಿಯೊಬ್ಬ ಸಿಸ್ಟರಿಗೂ "ಇನ್ನೊಂದು ಸಲ ಹೋಗಿ ನೋಡಬೇಕಿತ್ತು" ಅನ್ನಿಸುತ್ತದೆ. ನನಗೂ ಅನ್ನಿಸಿದೆ, ಅದು ಮನುಷ್ಯರ ಸ್ವಭಾವ. ಆದರೆ ಅದೇ ಮಾತನ್ನು ಗೆಳತಿಗೆ ಮೆಸೇಜ್ ಮಾಡಿದರೆ ಚಾರ್ಜ್‌ಶೀಟಿನಲ್ಲಿ ಅದು ತಪ್ಪೊಪ್ಪಿಗೆ ಆಗುತ್ತದೆ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿಗೆ ಹೀಗೇ ಆಯಿತು. ಅವರ ನಾಲ್ಕು ಮಕ್ಕಳು ಒಂದಾದ ಮೇಲೆ ಒಂದು ತೀರಿಕೊಂಡವು. ದುಃಖದಲ್ಲಿ ತನ್ನನ್ನೇ ಬೈದುಕೊಂಡು ಡೈರಿ ಬರೆದಿದ್ದರು. 2003ರಲ್ಲಿ ಆ ಡೈರಿಯನ್ನೇ ಮುಂದಿಟ್ಟು ಕೊಲೆಗಾರ್ತಿ ಎಂದು ಶಿಕ್ಷೆ ಕೊಡಿಸಿದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ಕೆಡಿಸಬಲ್ಲ ಸಿಎಎಲ್‌ಎಂ2 ಎಂಬ ಜೀನಿನ ದೋಷ ಇತ್ತು ಎಂದು ವಿಜ್ಞಾನಿಗಳು ತೋರಿಸಿದ್ದು ಎಷ್ಟೋ ವರ್ಷದ ಮೇಲೆ. 2023ರಲ್ಲಿ ಅವರು ಹೊರಗೆ ಬಂದರು, ಅದೇ ವರ್ಷ ಶಿಕ್ಷೆ ರದ್ದಾಯಿತು. 20 ವರ್ಷ ಒಳಗಿದ್ದರು.

ಇನ್ನು ಕಾಗದಪತ್ರ. ಆಸ್ಪತ್ರೆಗೂ ಪೊಲೀಸ್ ಸ್ಟೇಷನ್ನಿಗೂ ಒಂದೊಂದು ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಿಸಿಟಿವಿ, ಮಾನಿಟರಿನ ಮೆಮೊರಿ, ಇಂಡೆಂಟ್ ಬುಕ್ (ವಾರ್ಡಿಗೆ ತರಿಸಿದ ಔಷಧಿಯ ಲೆಕ್ಕದ ಪುಸ್ತಕ), ಹ್ಯಾಂಡೋವರ್ ಬುಕ್, ಡ್ಯೂಟಿ ರೋಸ್ಟರ್, ಬಳಸಿದ ಆಂಪೂಲ್ ಎಲ್ಲ ಕಾದಿರಿಸಿ ಎಂದು ಹೆಸರು ಹಿಡಿದು ಬರೆಯಿರಿ. ಸಿಸಿಟಿವಿ ಬೇಗ ಅಳಿಸಿಹೋಗುತ್ತದೆ. ರೋಗಿಯ ಕಡೆಯವರಾದರೆ ಕೇಸ್ ಪೇಪರಿನ ಪ್ರತಿ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮವೇ ಇದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು ಎಂದೂ ಅದರಲ್ಲೇ ಇದೆ. ಬಾಯಿಮಾತಲ್ಲಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಬರೆದು ಕೇಳಿ.

ಮತ್ತೊಂದು ಮಾತು ನಮ್ಮವರಿಗೆಂದೇ. ಇಲ್ಲಿ ಪಂಚನಾಮೆ, ಜಬಾಬು (ಹೇಳಿಕೆ) ಎಲ್ಲ ಮರಾಠಿಯಲ್ಲಿ ಬರೆಯುತ್ತಾರೆ. ತರಕಾರಿ ಅಂಗಡಿಯಲ್ಲಿ ಆಡುವ ಮರಾಠಿ ಬೇರೆ, ಪೊಲೀಸರು ಬರೆಯುವ ಮರಾಠಿ ಬೇರೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು. ಪೊಲೀಸರು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರಲ್ಲಿ ಹಾಜರಾಗಿ ಎಂದು ನೋಟಿಸ್ ಕೊಟ್ಟು ಕರೆದರೆ ತಪ್ಪಿಸಿಕೊಳ್ಳಬೇಡಿ, ವಕೀಲರನ್ನು ಕರೆದುಕೊಂಡು ಹೋಗಿ.

ಯಾವ ಸೆಕ್ಷನ್, ಎಷ್ಟು ಶಿಕ್ಷೆ

ನಿರ್ಲಕ್ಷ್ಯದಿಂದ ಆದ ಸಾವಿಗೆ ಹಾಕುತ್ತಿದ್ದ ಹಳೇ ಐಪಿಸಿ 304ಎ ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1) ಬಂದಿದೆ. ಮೊದಲು ಎಲ್ಲರಿಗೂ ಹೆಚ್ಚೆಂದರೆ 2 ವರ್ಷ. ಈಗ 5 ವರ್ಷ. ನೋಂದಾಯಿತ ವೈದ್ಯರಿಗೆ ಚಿಕಿತ್ಸೆ ಕೊಡುವಾಗ ಆದ ಸಾವಿಗೆ ಮಾತ್ರ 2 ವರ್ಷ. ನರ್ಸ್ ಈ ವಿನಾಯಿತಿಯಲ್ಲಿ ಬರುವುದಿಲ್ಲ. ಅದೇ ರೋಗಿ, ಅದೇ ಇಂಜೆಕ್ಷನ್, ಬರೆದುಕೊಟ್ಟ ಡಾಕ್ಟರಿಗೆ 2 ವರ್ಷದ ಭಯ, ಚುಚ್ಚಿದ ಸಿಸ್ಟರಿಗೆ 5 ವರ್ಷದ ಭಯ. ಇದು ಅನ್ಯಾಯ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ನಿಮ್ಮ ಮೊದಲ ಆಸರೆ. ಪಂಜಾಬಿನ ಲೂಧಿಯಾನದ ಕೇಸು ಅದು. ಉಸಿರಾಟಕ್ಕೆ ಒದ್ದಾಡುತ್ತಿದ್ದ ರೋಗಿಗೆ ಹಚ್ಚಿದ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತು. ಕ್ರಿಮಿನಲ್ ಕೇಸಿಗೆ ಸಾಮಾನ್ಯ ಅಜಾಗರೂಕತೆ ಸಾಲದು, ತೀರಾ ದೊಡ್ಡ ಮಟ್ಟದ ನಿರ್ಲಕ್ಷ್ಯ ಇರಬೇಕು ಎಂದು ಕೋರ್ಟು ಹೇಳಿತು. ಡಾಕ್ಟರ್ ಮೇಲೆ ಕ್ರಮ ತೆಗೆದುಕೊಳ್ಳುವ ಮೊದಲು ತನಿಖೆ ಮಾಡುವವರು ಅದೇ ವಿಭಾಗದ, ಸಾಧ್ಯವಾದರೆ ಸರಕಾರಿ ಸೇವೆಯಲ್ಲಿರುವ ಡಾಕ್ಟರರಿಂದ ಪಕ್ಷಪಾತವಿಲ್ಲದ ಅಭಿಪ್ರಾಯ ಪಡೆಯಬೇಕು, ಸುಮ್ಮನೆ ಅರೆಸ್ಟ್ ಮಾಡಬಾರದು ಎಂದೂ ಹೇಳಿತು. ನರ್ಸ್‌ಗಳಿಗೂ ಇಂಥದೇ ರಕ್ಷಣೆ ಬೇಕು ಎಂದು ಕೇರಳ ಹೈಕೋರ್ಟು 2024ರಲ್ಲಿ ಹೇಳಿದೆ. ನಮ್ಮಲ್ಲಿ ವಾದ ಮಾಡುವಾಗ ಅದನ್ನೂ ಮುಂದಿಡುತ್ತೇವೆ.

ಹೀಗೆ ಬರುವುದೇ ಕಮಿಟಿ ರಿಪೋರ್ಟು. ಮುಂಬಯಿಯಲ್ಲಿ ಸಾಮಾನ್ಯವಾಗಿ ಜೆ.ಜೆ. ಆಸ್ಪತ್ರೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಜಿಎಂಸಿ, ಬೇರೆ ಕಡೆ ಸಿವಿಲ್ ಸರ್ಜನ್. ಅದು ಕೈಗೆ ಬಂದಾಗ ಕೊನೆಯ ಸಾಲಿಗೆ ಹಾರಬೇಡಿ. ಮೊದಲ ಪುಟದಿಂದ ಓದಿ. ಕಮಿಟಿಯಲ್ಲಿ ಯಾರಿದ್ದರು? ಹೆರಿಗೆಯ ಕೇಸಿಗೆ ಹೆರಿಗೆ ಡಾಕ್ಟರ್ ಇದ್ದರೇ? ಅರಿವಳಿಕೆ ಕೊಟ್ಟಾಗ ಆದ ಸಾವಿಗೆ ಅನಸ್ತೇಷಿಯಾದವರು ಇದ್ದರೇ? ಅವರ ಮುಂದೆ ಯಾವ ಕಾಗದ ಇಟ್ಟಿದ್ದರು? ಎಷ್ಟೋ ಸಲ ಪಿ.ಎಂ. (ಪೋಸ್ಟ್‌ಮಾರ್ಟಂ) ನೋಟ್ಸ್ ಮತ್ತು ದೂರಿನ ಪ್ರತಿ ಮಾತ್ರ ಹೋಗಿರುತ್ತದೆ. ನರ್ಸಿಂಗ್ ನೋಟ್ಸ್ ಹೋಗಿರುವುದೇ ಇಲ್ಲ. ಮತ್ತೆ, ಕಾರಣ ಬರೆದಿದ್ದಾರೆಯೇ? ಹಿಮಾಚಲದ ಜೈ ಲಾಲ್ ಕೇಸು ಎಂದು 1999ರದ್ದೊಂದಿದೆ. ಅದು ಸೇಬಿನ ತೋಟದ ಫಸಲಿನ ಕೇಸು, ಆಸ್ಪತ್ರೆಯದ್ದಲ್ಲ. ಆದರೆ ಅಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಎಲ್ಲ ತಜ್ಞರಿಗೂ ಅನ್ವಯಿಸುತ್ತದೆ: ತೀರ್ಮಾನ ಸರಿಯೋ ತಪ್ಪೋ ಎಂದು ಜಡ್ಜ್ ತಾವೇ ಪರೀಕ್ಷೆ ಮಾಡಲು ಬೇಕಾದ ವೈಜ್ಞಾನಿಕ ಅಳತೆಗೋಲನ್ನು ತಜ್ಞರು ಕೋರ್ಟಿಗೆ ಒದಗಿಸಬೇಕು. ಕಾರಣವಿಲ್ಲದ ರಿಪೋರ್ಟಿಗೆ ತೂಕವಿಲ್ಲ.

ಸ್ಯಾಂಪಲ್ ಯಾವಾಗ ತೆಗೆದರು, ಎಲ್ಲಿಂದ ತೆಗೆದರು

ಕೇಸು ಗೆಲ್ಲುವುದೂ ಸೋಲುವುದೂ ಬಹಳ ಸಲ ಇಲ್ಲೇ. ನಾನು ನಡೆಸಿದ ಒಂದು ಕೇಸಿನ ಉದಾಹರಣೆ ಕೊಡುತ್ತೇನೆ. ಕಲ್ಯಾಣದ ಕಡೆಯ ಒಂದು ನರ್ಸಿಂಗ್ ಹೋಮು. ನಮ್ಮ ಕುಂದಾಪುರ ಕಡೆಯ ಹುಡುಗಿ ನೈಟ್ ಡ್ಯೂಟಿಯಲ್ಲಿದ್ದಳು. ವಯಸ್ಸಾದ ರೋಗಿ, ಕಿಡ್ನಿ ತೊಂದರೆ ಇತ್ತು. ಬೆಳಗಿನ ಜಾವ ಹೃದಯ ನಿಂತಿತು. ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲನ್ನು ನೀರಿನ ಆಂಪೂಲ್ ಎಂದುಕೊಂಡು ನೇರ ಕೊಟ್ಟಿದ್ದಾಳೆ ಎಂದು ಆರೋಪ. ರಕ್ತದಲ್ಲಿ ಪೊಟ್ಯಾಶಿಯಂ ತುಂಬ ಜಾಸ್ತಿ, ಆದ್ದರಿಂದ ಇಂಜೆಕ್ಷನ್ನಿನಿಂದಲೇ ಸಾವು ಎಂದು ರಿಪೋರ್ಟು.

ನಾನು ಲ್ಯಾಬಿನ ಮೂಲ ಸ್ಲಿಪ್ ತರಿಸಿದೆ. ರಿಪೋರ್ಟಿನಲ್ಲಿ ಸಂಖ್ಯೆ ಮಾತ್ರ ಇತ್ತು. ಸ್ಲಿಪ್ಪಿನಲ್ಲಿ ಗಂಟೆಯೂ ಇತ್ತು. ರಕ್ತ ತೆಗೆದದ್ದು ಸಾವು ಘೋಷಿಸಿದ ಮೇಲೆ. ಕೆಳಗೆ ಸಣ್ಣಕ್ಷರದಲ್ಲಿ 'ಹೀಮೊಲೈಸ್ಡ್' ಎಂದಿತ್ತು, ಅಂದರೆ ಸ್ಯಾಂಪಲ್ಲಿನಲ್ಲಿ ಕೆಂಪು ರಕ್ತಕಣಗಳು ಒಡೆದಿದ್ದವು. ಈಗ ವಿಷಯ ಕೇಳಿ. ನಮ್ಮ ಮೈಯ ಪೊಟ್ಯಾಶಿಯಂ ಬಹುಪಾಲು ಇರುವುದು ಜೀವಕೋಶಗಳ ಒಳಗೆ. ಬದುಕಿರುವವರ ರಕ್ತದಲ್ಲಿ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರುತ್ತದೆ. ಜೀವ ಹೋದ ಕೂಡಲೇ ಕೋಶಗಳಿಂದ ಅದು ಹೊರಗೆ ಸೋರತೊಡಗುತ್ತದೆ. ಯಾವ ಇಂಜೆಕ್ಷನ್ ಕೊಡದಿದ್ದರೂ ಸತ್ತವರ ರಕ್ತದಲ್ಲಿ ಅದು ಜಾಸ್ತಿಯೇ ಬರುತ್ತದೆ. ಕಣ ಒಡೆದ ಸ್ಯಾಂಪಲ್ಲಿನಲ್ಲಿ ಬದುಕಿರುವವರದ್ದೂ ಜಾಸ್ತಿ ಬರುತ್ತದೆ. ಜೊತೆಗೆ ಕಿಡ್ನಿ ಕೆಟ್ಟವರಲ್ಲಿ ಮೊದಲೇ ಜಾಸ್ತಿ. ಸಾಕ್ಷಿಕಟ್ಟೆಯಲ್ಲಿ ಡಾಕ್ಟರಿಗೆ ಒಂದೊಂದಾಗಿ ಕೇಳಿದೆ. ಒಂದೊಂದಕ್ಕೂ ಹೌದು ಎಂದರು. ಇಂಡೆಂಟ್ ಬುಕ್ಕಿನಲ್ಲಿ ಪೊಟ್ಯಾಶಿಯಂ ಆಂಪೂಲಿನ ಲೆಕ್ಕವೂ ಸರಿಯಾಗೇ ಇತ್ತು. ಹುಡುಗಿ ಬಿಡುಗಡೆಯಾದಳು. ಆದರೆ ಆ ಹೊತ್ತಿಗೆ ಕೆಲಸ ಹೋಗಿತ್ತು, ಮದುವೆ ಮಾತುಕತೆ ಮುರಿದಿತ್ತು. ಇಷ್ಟು ಸರಳ ಪ್ರಶ್ನೆಯನ್ನು ಎಫ್‌ಐಆರ್ ಹಾಕುವ ಮೊದಲು ಯಾರೂ ಕೇಳಿರಲಿಲ್ಲ.

ಹಾಗಾಗಿ ಯಾವುದೇ ಸಂಖ್ಯೆ ಕಂಡರೂ ಇವನ್ನು ಕೇಳಿ: ಸ್ಯಾಂಪಲ್ ತೆಗೆದದ್ದು ಸಾವಿನ ಮೊದಲೋ ಆಮೇಲೋ? ಹೃದಯದಿಂದಲೋ ತೊಡೆಯ ರಕ್ತನಾಳದಿಂದಲೋ? ಕೆಲವು ಔಷಧಿಗಳು ಸತ್ತ ಮೇಲೆ ಅಂಗಾಂಗಗಳಿಂದ ಹೃದಯದ ರಕ್ತಕ್ಕೆ ಸೇರಿಕೊಳ್ಳುತ್ತವೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಅಂಥದ್ದು. ಯಾವ ಬಾಟಲಿಯಲ್ಲಿ, ಏನು ಬೆರೆಸಿ ಇಟ್ಟರು? ಮದ್ಯದ ಅಂಶ ನೋಡಬೇಕಾದ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸಬೇಕು, ಇಲ್ಲದಿದ್ದರೆ ಕೊಳೆಯುವಾಗ ಅದರೊಳಗೇ ಆಲ್ಕೋಹಾಲ್ ಹುಟ್ಟಬಹುದು. ಯಾವ ವಿಧಾನದಲ್ಲಿ ಪರೀಕ್ಷೆ ಮಾಡಿದರು? ಆಸ್ಪತ್ರೆಯ ಲ್ಯಾಬಿನಲ್ಲಿ ಬೇಗ ಮಾಡುವ ಇಮ್ಯುನೊಅಸ್ಸೇ ಎಂಬ ಪರೀಕ್ಷೆ ಚಿಕಿತ್ಸೆಗೆ ಸಾಕು. ಒಬ್ಬರನ್ನು ಜೈಲಿಗೆ ಕಳಿಸಲು ಸಾಲದು. ಅದನ್ನು ವಸ್ತು ಯಾವುದೆಂದು ನಿಖರವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಂಥ ಇನ್ನೊಂದು ವಿಧಾನದಲ್ಲಿ ಖಚಿತ ಮಾಡಿಕೊಳ್ಳಬೇಕು. ನವಜಾತ ಮಕ್ಕಳ ರಕ್ತದಲ್ಲಿ ಡಿಗಾಕ್ಸಿನ್ ಕೊಡದೆಯೂ ಡಿಗಾಕ್ಸಿನ್ ಇದ್ದಂತೆ ತೋರಿಸುವ ವಸ್ತು ಇರುತ್ತದೆ.

ಹಸುಗೂಸಿನ ಕೇಸಿನಲ್ಲಿ ಇನ್ನೊಂದು ನೋಡಿ. ಶ್ವಾಸಕೋಶವನ್ನು ನೀರಲ್ಲಿ ತೇಲಿಸಿ ಮಗು ಜೀವಂತ ಹುಟ್ಟಿತ್ತು ಎಂದು ಹೇಳುವ ಹಳೇ ಪದ್ಧತಿ ಇದೆ. ಕೊಳೆಯಲು ಶುರುವಾದರೆ ಗಾಳಿ ತುಂಬಿಕೊಂಡು ಅದು ತೇಲುತ್ತದೆ. ಲೇಬರ್ ರೂಮಿನಲ್ಲಿ ನಾವು ಅಂಬು ಬ್ಯಾಗ್ ಒತ್ತಿ ಉಸಿರು ಕೊಡಲು ನೋಡಿದ್ದರೂ ತೇಲಬಹುದು. ತೇಲಿತು ಎಂಬ ಒಂದೇ ಮಾತಿನ ಮೇಲೆ ತಾಯಿಯನ್ನು ಕೊಲೆಗಾರ್ತಿ ಮಾಡಲಾಗದು.

ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿಯನ್ನೂ ಹಿಡಿಯಿರಿ. ಮೊಹರು ಹಾಕಿದ ದಿನ, ಮುಂಬಯಿಯ ಕಲಿನಾದ ಫೊರೆನ್ಸಿಕ್ ಲ್ಯಾಬಿಗೋ ಪುಣೆಯ ಗಣೇಶಖಿಂಡ್ ಲ್ಯಾಬಿಗೋ ಮುಟ್ಟಿದ ದಿನ, ನಡುವೆ ಮುದ್ದೇಮಾಲು ಕೋಣೆಯಲ್ಲಿ ಎಷ್ಟು ದಿನ ಬಿದ್ದಿತ್ತು, ಸಿ.ಎ. (ಕೆಮಿಕಲ್ ಅನಲೈಸರ್, ಅಂದರೆ ರಾಸಾಯನಿಕ ಪರೀಕ್ಷಕರ) ರಿಪೋರ್ಟಿನಲ್ಲಿ ಮೊಹರು ಸರಿ ಇತ್ತು ಎಂದು ಬರೆದಿದ್ದಾರೆಯೇ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಕಾರು ಗುದ್ದಿ ಇಬ್ಬರು ಎಂಜಿನಿಯರುಗಳು ಸತ್ತರಲ್ಲ, ಆ ಕೇಸಿನಲ್ಲಿ ಕಾರು ಓಡಿಸಿದ ಹುಡುಗನ ರಕ್ತದ ಬದಲು ಅವನ ತಾಯಿಯ ರಕ್ತ ಇಟ್ಟರು ಎಂದು ಪೊಲೀಸರ ಆರೋಪ. ಆಸ್ಪತ್ರೆಯ ಡಾಕ್ಟರರೇ ಅರೆಸ್ಟ್ ಆದರು. ಡಿಎನ್‌ಎ ತಾಳೆ ನೋಡದೇ ಇದ್ದಿದ್ದರೆ ಆ ರಿಪೋರ್ಟು ಶುದ್ಧವಾಗೇ ಕಾಣುತ್ತಿತ್ತು. ಒಂದು ಅಕ್ಷರದ ತಪ್ಪೂ ದೊಡ್ಡದೇ. 2008ರ ನೋಯ್ಡಾದ ಆರುಷಿ ಕೇಸಿನಲ್ಲಿ ಎರಡು ದಿಂಬಿನ ಕವರುಗಳ ವಿವರ ಅದಲುಬದಲಾದದ್ದು ಟೈಪಿಂಗ್ ತಪ್ಪು ಎಂದು ಹೈದರಾಬಾದಿನ ಲ್ಯಾಬು ಆಮೇಲೆ ಹೇಳಿತು. 2013ರಲ್ಲಿ ಶಿಕ್ಷೆಯಾದ ದಂತವೈದ್ಯ ತಂದೆತಾಯಿಯನ್ನು ಅಲಹಾಬಾದ್ ಹೈಕೋರ್ಟು 2017ರಲ್ಲಿ ಬಿಡುಗಡೆ ಮಾಡಿತು.

ಸತ್ತವರ ಕಡೆಯವರಿಗೆ ಗೋವಾದ ಒಂದು ಉದಾಹರಣೆ. 2008ರಲ್ಲಿ ಅಂಜುಣ ಬೀಚಿನಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ಹೆಣ ಸಿಕ್ಕಿತು. ನೀರಲ್ಲಿ ಮುಳುಗಿ ಸತ್ತಳು ಎಂದರು. ತಾಯಿ ಬಿಡಲಿಲ್ಲ. ಎರಡನೇ ಪೋಸ್ಟ್‌ಮಾರ್ಟಂನಲ್ಲಿ 50ಕ್ಕೂ ಜಾಸ್ತಿ ಗಾಯ ಕಂಡವು. 2016ರಲ್ಲಿ ಇಬ್ಬರೂ ಆರೋಪಿಗಳು ಬಿಡುಗಡೆಯಾದರು. 2019ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಅನುಮಾನ ಇದ್ದರೆ ದಹನ ಮಾಡುವ ಮೊದಲೇ ಎರಡನೇ ಪೋಸ್ಟ್‌ಮಾರ್ಟಂ ಕೇಳಿ. ಸುಟ್ಟ ಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ಕೋಟಿಯಲ್ಲಿ ಒಂದು ಎಂದಾಗ

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಸ್ವತಃ ವಕೀಲೆ. ಎರಡು ಗಂಡುಮಕ್ಕಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಕೂಸಾಗಿದ್ದಾಗಲೇ ತೀರಿಕೊಂಡವು. ರಾಯ್ ಮೆಡೋ ಎಂಬ ದೊಡ್ಡ ಹೆಸರಿನ ಮಕ್ಕಳ ಡಾಕ್ಟರ್ ಸಾಕ್ಷಿ ಹೇಳಿದರು. ಇಂಥ ಮನೆಯಲ್ಲಿ ಕಾರಣ ತಿಳಿಯದ ತೊಟ್ಟಿಲ ಸಾವು 8,543ರಲ್ಲಿ ಒಂದು, ಎರಡು ಸಲ ಆಗುವುದು ಅದನ್ನೇ ಅದರಿಂದ ಗುಣಿಸಿದರೆ 7.3 ಕೋಟಿಯಲ್ಲಿ ಒಂದು ಎಂದರು. 1999ರಲ್ಲಿ ಜೀವಾವಧಿ ಶಿಕ್ಷೆ.

ಗುಣಾಕಾರದಲ್ಲೇ ತಪ್ಪಿತ್ತು. ಒಂದೇ ಮನೆ, ಒಂದೇ ರಕ್ತ. ಮೊದಲ ಮಗುವಿಗೆ ಇದ್ದ ದೋಷ ಎರಡನೆಯದಕ್ಕೂ ಇರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲ ಎಂದಾದರೆ ಮಾತ್ರ ಹಾಗೆ ಗುಣಿಸಬಹುದು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. 7.3 ಕೋಟಿಯಲ್ಲಿ ಒಂದು ಎನ್ನುವುದು ಅವರು ನಿರಪರಾಧಿ ಆಗಿರುವ ಸಾಧ್ಯತೆ ಅಲ್ಲವೇ ಅಲ್ಲ. ತಾಯಿಯೊಬ್ಬಳು ಎರಡು ಕೂಸುಗಳನ್ನು ಕೊಲ್ಲುವುದೂ ಬಹಳ ಅಪರೂಪ. ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕು. ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿತು. ಅಷ್ಟೇ ಅಲ್ಲ, ಎರಡನೇ ಮಗುವಿನಲ್ಲಿ ಬ್ಯಾಕ್ಟೀರಿಯಾ ಸೋಂಕು ತೋರಿಸಿದ ಲ್ಯಾಬ್ ರಿಪೋರ್ಟನ್ನು ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ಹೊರಗೆ ಕೊಟ್ಟೇ ಇರಲಿಲ್ಲ. 2003ರಲ್ಲಿ ಬಿಡುಗಡೆಯಾಯಿತು. 2007ರಲ್ಲಿ ಅವರು ತೀರಿಕೊಂಡರು.

ನರ್ಸ್‌ಗಳ ಮೇಲೆ ಸಂಖ್ಯೆ ಬೇರೆ ರೀತಿ ಬರುತ್ತದೆ: "ಇವಳ ಡ್ಯೂಟಿಯಲ್ಲೇ ಸಾವು ಜಾಸ್ತಿ". ನೆದರ್ಲೆಂಡ್ಸಿನ ಲೂಸಿಯಾ ಡಿ ಬರ್ಕ್ ಎಂಬ ನರ್ಸಿಗೆ 2003ರಲ್ಲಿ ಜೀವಾವಧಿ. ಆಕಸ್ಮಿಕವಾಗಿ ಹೀಗಾಗುವುದು 34.2 ಕೋಟಿಯಲ್ಲಿ ಒಂದು ಎಂದು ಲೆಕ್ಕ ಕೊಟ್ಟಿದ್ದರು. ಬೇರೆ ಗಣಿತಜ್ಞರು ಕೂತು ಸರಿಯಾಗಿ ಹಾಕಿದಾಗ ಅದು ಕೆಲವು ಹತ್ತುಗಳಲ್ಲಿ ಒಂದಕ್ಕೆ ಇಳಿಯಿತು. ಡಿಗಾಕ್ಸಿನ್ ವಿಷದ ಸಾಕ್ಷ್ಯವೂ ನಿಲ್ಲಲಿಲ್ಲ. 2010ರಲ್ಲಿ ಬಿಡುಗಡೆಯಾಯಿತು.

ಇಂಥ ಚಾರ್ಟು ಕಂಡರೆ ಕೇಳಬೇಕಾದದ್ದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ತಾನಾಗಿ ಹೊಳೆಯುತ್ತದೆ. ಅನುಮಾನದ ಸಾವುಗಳ ಪಟ್ಟಿ ಮಾಡಿದವರು ಯಾರು? ಅವರಿಗೆ ಯಾರ ಡ್ಯೂಟಿ ಇತ್ತು ಎಂದು ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ಆ ಪಟ್ಟಿ ಕೆಟ್ಟಿತು. ಆಕೆ ಇಲ್ಲದ ದಿನದ ಸಾವುಗಳನ್ನೂ ಹಾಕಿದ್ದಾರೆಯೇ? ಆಕೆ ಎಷ್ಟು ಡ್ಯೂಟಿ ಮಾಡಿದ್ದಳು? ಮದುವೆಯಾಗದ ಹುಡುಗಿಯರ ತಲೆಗೆ ನೈಟ್ ಡ್ಯೂಟಿ ಜಾಸ್ತಿ ಬೀಳುತ್ತದೆ. ಕೈ ಪಳಗಿದ ಸಿಸ್ಟರಿಗೇ ಸೀರಿಯಸ್ ರೋಗಿ ಕೊಡುತ್ತಾರೆ. ಸಾವು ಆಕೆಯ ಪಾಳಿಯಲ್ಲಿ ಬರುವುದು ಸಹಜ, ಅಲ್ವಾ? 2022ರಲ್ಲಿ ಅದೇ ಸ್ಟಾಟಿಸ್ಟಿಕಲ್ ಸೊಸೈಟಿ ಇಂಥ ಕೇಸುಗಳ ಬಗ್ಗೆಯೇ ಒಂದು ವರದಿ ಕೊಟ್ಟಿದೆ. ನಿಮ್ಮ ವಕೀಲರಿಗೆ ಅದನ್ನು ಓದಲು ಹೇಳಿ.

ಇಂಗ್ಲೆಂಡಿನ ಲೂಸಿ ಲೆಟ್ಬಿ ಕೇಸು ಈಗ ಎಲ್ಲರ ಬಾಯಲ್ಲಿದೆ. 2023ರಲ್ಲಿ ಏಳು ಕೂಸುಗಳ ಕೊಲೆಯ ಶಿಕ್ಷೆಯಾಯಿತು. ಆ ತೀರ್ಪನ್ನು ಯಾವ ಕೋರ್ಟೂ ರದ್ದು ಮಾಡಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅಲ್ಲಿದ್ದಾರೆ, ಅವರ ನೋವು ನಿಜ. ಆದರೆ ಒಂದು ಸಂಗತಿ ಪಾಠದಂತಿದೆ. ರಕ್ತನಾಳಕ್ಕೆ ಗಾಳಿ ಸೇರಿದರೆ ಮೈಮೇಲೆ ಬಣ್ಣ ಬದಲಾಗುತ್ತದೆ ಎಂಬ ವಾದಕ್ಕೆ ಕೆನಡಾದ ಡಾ. ಶೂ ಲೀ ಅವರ 1989ರ ಲೇಖನವನ್ನು ಬಳಸಿದ್ದರು. 2025ರ ಫೆಬ್ರವರಿಯಲ್ಲಿ ಅದೇ ಡಾ. ಲೀ ಬೇರೆ ಬೇರೆ ದೇಶಗಳ ತಜ್ಞರ ಜೊತೆ ಬಂದು, ನನ್ನ ಲೇಖನವನ್ನು ತಪ್ಪಾಗಿ ಓದಿದ್ದಾರೆ, ಕೊಲೆಯ ವೈದ್ಯಕೀಯ ಪುರಾವೆ ನಮಗೆ ಕಾಣಲಿಲ್ಲ ಎಂದರು. ನಿಮ್ಮ ಕೇಸಿನಲ್ಲಿ ತಜ್ಞರು ಯಾವುದಾದರೂ ಲೇಖನದ ಹೆಸರು ಹೇಳಿದರೆ ಅದನ್ನು ತರಿಸಿ ಪೂರ್ತಿ ಓದಿಸಿ. ಬರೆದವರನ್ನೇ ಇಮೇಲ್ ಮಾಡಿ ಕೇಳಿ.

ತಜ್ಞರ ಓದು, ಯಂತ್ರದ ಹೆಸರು

ಕೆನಡಾದ ಒಂಟಾರಿಯೋದಲ್ಲಿ ಚಾರ್ಲ್ಸ್ ಸ್ಮಿತ್ ಎಂಬವರು ವರ್ಷಗಟ್ಟಲೆ ಮಕ್ಕಳ ಪೋಸ್ಟ್‌ಮಾರ್ಟಂ ಮಾಡಿ ಸಾಕ್ಷಿ ಹೇಳಿದರು. ಅವರು ಓದಿದ್ದು ಮಕ್ಕಳ ಪೆಥಾಲಜಿ, ಫೊರೆನ್ಸಿಕ್ ತರಬೇತಿ ಇರಲಿಲ್ಲ. ಪುನಃ ನೋಡಿದಾಗ 45 ಕೇಸುಗಳಲ್ಲಿ 20ರಲ್ಲಿ ಅವರ ಅಭಿಪ್ರಾಯದಲ್ಲಿ ತೊಂದರೆ ಕಂಡಿತು. ಸಾಕ್ಷಿ ಹೇಳುವವರ ಡಿಗ್ರಿ ಮಾತ್ರ ಕೇಳಬೇಡಿ, ಈ ಪ್ರಶ್ನೆಗೆ ಬೇಕಾದ ಡಿಗ್ರಿ ಇದೆಯೇ ಎಂದು ಕೇಳಿ.

ಪುಣೆಯಲ್ಲೇ 2008ರಲ್ಲಿ ಆರ್ಸೆನಿಕ್ ಬೆರೆಸಿದ ಪ್ರಸಾದದ ಕೇಸಿನಲ್ಲಿ ಸೆಷನ್ಸ್ ಕೋರ್ಟು ಒಬ್ಬ ಯುವತಿಗೆ ಜೀವಾವಧಿ ಕೊಟ್ಟಿತು. ಆಧಾರಗಳಲ್ಲಿ ಒಂದು ತಲೆಗೆ ತಂತಿ ಹಚ್ಚಿ ಮೆದುಳಿನ ನೆನಪು ಓದುವ ಬಿಇಓಎಸ್ ಪರೀಕ್ಷೆ. ಅದನ್ನು ರೂಪಿಸಿದವರು ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದವರು. ಅದೇ ನಿಮ್ಹಾನ್ಸ್ ನಿರ್ದೇಶಕರ ಕಮಿಟಿ ಅದು ವೈಜ್ಞಾನಿಕವಲ್ಲ, ನಿಲ್ಲಿಸಿ ಎಂದಿತು. ಯುವತಿಗೆ ಹೈಕೋರ್ಟು ಆಮೇಲೆ ಜಾಮೀನು ಕೊಟ್ಟಿತು. ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರ ಸೆಲ್ವಿ ತೀರ್ಪಿನಲ್ಲಿ ಹೇಳಿದೆ. ಪೊಲೀಸರು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಇಲ್ಲ ಎನ್ನಿ.

ಕೋರ್ಟಿನಲ್ಲಿ

ಚಾರ್ಜ್‌ಶೀಟಿನ ಪ್ರತಿ ಸಿಕ್ಕ ದಿನವನ್ನು ಗುರುತು ಹಾಕಿಡಿ. ಹೊಸ ಸುರಕ್ಷಾ ಸಂಹಿತೆಯ 330ನೇ ಸೆಕ್ಷನ್ ಪ್ರಕಾರ ಪ್ರತಿ ಸಿಕ್ಕ 30 ದಿನದೊಳಗೆ ಪ್ರತಿಯೊಂದು ದಾಖಲೆಯನ್ನು ಒಪ್ಪುತ್ತೀರೋ ಇಲ್ಲವೋ ಹೇಳಬೇಕು. ಯಾರೂ ತಕರಾರು ಮಾಡದಿದ್ದರೆ ತಜ್ಞರನ್ನು ಕೋರ್ಟಿಗೆ ಕರೆಸುವುದೇ ಇಲ್ಲ. ಬೇಗ ಮುಗಿಯಲಿ ಎಂದು ಪಿ.ಎಂ. ರಿಪೋರ್ಟಿಗೆ 'ಒಪ್ಪಿದೆ' ಎಂದು ಬರೆದುಬಿಡುತ್ತಾರೆ. ಅಲ್ಲಿಗೆ ಪ್ರಶ್ನೆ ಕೇಳುವ ಅವಕಾಶ ಹೋಯಿತು. ಸಾವಿನ ಕಾರಣದ ಬಗ್ಗೆ ಜಗಳ ಇದ್ದರೆ ಲಿಖಿತವಾಗಿ ತಕರಾರು ಹಾಕಿ. ಸಿ.ಎ. ರಿಪೋರ್ಟು 329ರಲ್ಲಿ ಹಾಗೇ ಸಾಕ್ಷ್ಯಕ್ಕೆ ಬರುತ್ತದೆ. ಬರೆದವರನ್ನು ಕರೆಸಿ ಎಂದು ಬೇರೆ ಅರ್ಜಿ ಕೊಡಬೇಕು.

ಜೊತೆಗೆ ಪ್ರಾಸಿಕ್ಯೂಷನ್ ಬಳಸದೆ ಪಕ್ಕಕ್ಕಿಟ್ಟ ದಾಖಲೆಗಳ ಪಟ್ಟಿ ಕೇಳಿ. ಅಂಥ ಪಟ್ಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2022ರ ಮನೋಜ್ ತೀರ್ಪಿನಲ್ಲೂ ಹೇಳಿದೆ. ಸ್ಯಾಲಿ ಕ್ಲಾರ್ಕ್ ಕೇಸಿನ ಸೋಂಕಿನ ರಿಪೋರ್ಟಿನಂಥದ್ದು ಇದ್ದರೆ ಅಲ್ಲೇ ಇರುತ್ತದೆ.

ನಿಮ್ಮ ಕಡೆಗೂ ತಜ್ಞರು ಬೇಕು. ಊರಿನ ಡಾಕ್ಟರರು ಹಿಂಜರಿಯುತ್ತಾರೆ, ಒಬ್ಬರ ವಿರುದ್ಧ ಇನ್ನೊಬ್ಬರು ಬರುವುದಿಲ್ಲ. ಮಣಿಪಾಲ, ಮಂಗಳೂರು, ಬೆಂಗಳೂರಿನ ಮೆಡಿಕಲ್ ಕಾಲೇಜುಗಳ ಫೊರೆನ್ಸಿಕ್ ವಿಭಾಗದಿಂದ ನಿವೃತ್ತರಾದವರನ್ನು ಕೇಳಿ ನೋಡಿ. ಬರಲು ಆಗದಿದ್ದರೆ ವಿಡಿಯೋದಲ್ಲಿ ಸಾಕ್ಷಿ ಹೇಳಬಹುದು. ಆ ದಾರಿ ತೆರೆದದ್ದು ಮುಂಬಯಿಯದೇ ಕೇಸು. 1987ರ ಒಂದು ಕ್ಯಾನ್ಸರ್ ಆಪರೇಷನ್ ಬಗ್ಗೆ ಸರ್ಜನ್ ಪ್ರಫುಲ್ ದೇಸಾಯಿಯವರ ಮೇಲೆ ಕೇಸು ನಡೆಯಿತು. ನ್ಯೂಯಾರ್ಕಿನ ಡಾಕ್ಟರ್ ಇಲ್ಲಿಗೆ ಬರಲು ಒಪ್ಪಲಿಲ್ಲ. ವಿಡಿಯೋ ಕಾನ್ಫರೆನ್ಸಿನಲ್ಲಿ ಸಾಕ್ಷಿ ತೆಗೆದುಕೊಳ್ಳಬಹುದು ಎಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2011ರಲ್ಲಿ ಶಿಕ್ಷೆ, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆ. ಆಪರೇಷನ್ನಿನಿಂದ ಲೆಕ್ಕ ಹಾಕಿದರೆ ಕಾಲು ಶತಮಾನ.

ಪಾಟೀಸವಾಲಿಗೆ ವೈದ್ಯಕೀಯ ಪುಸ್ತಕದ ಪುಟ ತಂದರೆ ಅದನ್ನು ಸಾಕ್ಷಿಕಟ್ಟೆಯಲ್ಲಿರುವ ಡಾಕ್ಟರಿಗೇ ತೋರಿಸಿ ಕೇಳಿ. ವಾದದ ದಿನ ಜಡ್ಜಿಗೆ ನೇರವಾಗಿ ಓದಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ, ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಹೇಳಿದೆ. ಪ್ರಶ್ನೆ ಸಣ್ಣದಾಗಿರಲಿ, ಹೌದು ಅಥವಾ ಇಲ್ಲ ಎನ್ನುವಂತೆ. ಆ ಸಂಜೆಯೇ ಜಬಾಬಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ಬಂದ ಮೇಲೆ ಮರಾಠಿ ಬಲ್ಲವರಿಂದ ಓದಿಸಿ.

ಶಿಕ್ಷೆಯಾದರೂ ಅಪೀಲಿದೆ. ಹೊಸ ವೈಜ್ಞಾನಿಕ ಸಾಕ್ಷ್ಯ ಸಿಕ್ಕರೆ ಅಪೀಲಿನ ಕೋರ್ಟಿಗೆ ಅದೇ ಸುರಕ್ಷಾ ಸಂಹಿತೆಯ 432ರಲ್ಲಿ ಅರ್ಜಿ ಕೊಡಬಹುದು. ಅದೂ ಮುಗಿದ ಮೇಲೆ ಕೇಸು ಮತ್ತೆ ತೆರೆಸುವ ಆಯೋಗ ಇಂಗ್ಲೆಂಡಿನಲ್ಲಿ 1997ರಿಂದ ಇದೆ, ನಮ್ಮಲ್ಲಿಲ್ಲ. ತಪ್ಪು ಪ್ರಾಸಿಕ್ಯೂಷನ್ನಿಗೆ ಪರಿಹಾರ ಕೊಡುವ ಕಾನೂನು ಬೇಕು ಎಂದು ಲಾ ಕಮಿಷನ್ 2018ರಲ್ಲಿ 277ನೇ ವರದಿ ಕೊಟ್ಟಿತು. ಅಂಥ ಆಯೋಗ ನಮ್ಮಲ್ಲಿಲ್ಲದ್ದರಿಂದ, ಸ್ಲೈಡು, ಬ್ಲಾಕು (ಪರೀಕ್ಷೆಗೆ ಇಟ್ಟ ಅಂಗಾಂಶದ ತುಣುಕು), ಉಳಿದ ಸ್ಯಾಂಪಲ್ ಯಾವುದನ್ನೂ ನಾಶ ಮಾಡಬಾರದು ಎಂದು ವಿಚಾರಣೆ ನಡೆಯುವಾಗಲೇ ಕೋರ್ಟಿನಿಂದ ಆದೇಶ ತೆಗೆದುಕೊಳ್ಳಿ. ಆದೇಶದ ಪ್ರತಿಯನ್ನು ಲ್ಯಾಬಿಗೂ ಆಸ್ಪತ್ರೆಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಫೈಲಿಗೆ ಹಾಕಿ.